ಕಚೇರಿಯ ಉಡುಪು: ಹಳೆಯ ಮೈಸೂರಿನಲ್ಲಿ ತಲೆ, ಕಾಲು ಮತ್ತು ಮರ್ಯಾದೆಯ ವಿಚಾರ

ಉಡುಪಿನ ಇತಿಹಾಸವೆಂದರೆ ರಾಜರಾಣಿಯರ ವಸ್ತ್ರಾಭರಣಗಳ ವರ್ಣನೆಯೆಂಬ ಭಾವನೆ ನಮ್ಮ ವ್ಯಾಸಂಗಕ್ರಮದಿಂದ ಇನ್ನೂ ಪೂರ್ತಿಯಾಗಿ ತೊಲಗಿಲ್ಲ. ಬೇಲೂರು ಹಳೆಯಬೀಡುಗಳ ಶಿಲಾಬಾಲಿಕೆಯರ ಕೇಯೂರ ಕಂಕಣಗಳನ್ನು ಕುರಿತು ಪುಟಗಟ್ಟಲೆ ಬರೆಯಬಲ್ಲ ನಾವು, ನಮ್ಮ ತಾತಂದಿರು ಬೆಳಗಿನ ಊಟ ಮುಗಿಸಿ ಕಚೇರಿಗೆ ಹೊರಡುವಾಗ ಗೋಡೆಯ ಗೂಟದಿಂದ ಯಾವ ಬಟ್ಟೆಯನ್ನು ತೆಗೆದುಕೊಳ್ಳುತ್ತಿದ್ದರು, ಅದನ್ನೇ ಏಕೆ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ವಿಚಾರಿಸಹೋಗುವುದಿಲ್ಲ. ವಿಷಯ ಅಲ್ಪವೆಂದು ತೋರುವುದೇ ಇದಕ್ಕೆ ಕಾರಣವಿರಬೇಕು. ಆದರೆ ಪರೀಕ್ಷೆಗಳನ್ನು ಮುಗಿಸಿ ನೌಕರಿಯ ಸಂದರ್ಶನಕ್ಕೆ ಹೊರಡುವ ವಿದ್ಯಾರ್ಥಿ ಅಧ್ಯಾಪಕರ ಕೊಠಡಿಗೆ ಬಂದು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಪಠ್ಯವಿಷಯವನ್ನು ಕುರಿತದ್ದಾಗಿರುವುದಿಲ್ಲ. ‘ಏನು ಹಾಕಿಕೊಂಡು ಹೋಗಬೇಕು ಸಾರ್?’ ಎಂಬುದಾಗಿರುತ್ತದೆ. ಆ ಪ್ರಶ್ನೆಯಲ್ಲಿರತಕ್ಕ ಅಂಜಿಕೆ ಒಂದು ತಲೆಮಾರಿನದಲ್ಲ. ಅದಕ್ಕೆ ಒಂದೂವರೆ ಶತಮಾನಕ್ಕೂ ಮಿಗಿಲಾದ ಚರಿತ್ರೆಯುಂಟು. ಅದನ್ನು ಮುಖ್ಯವಾಗಿ ಹಳೆಯ ಮೈಸೂರು ಸಂಸ್ಥಾನದ ನಿದರ್ಶನದಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕಚೇರಿಯೆಂಬ ಸ್ಥಳವನ್ನೇ ಗಮನಿಸಬೇಕು. ಇಂದು ಈ ಮಾತು ಕಿವಿಗೆ ಬಿದ್ದೊಡನೆ ಮೇಜು, ಕುರ್ಚಿ, ಕಪಾಟುಗಳು ಮನಸ್ಸಿಗೆ ಬರುತ್ತವೆ. ಹಳೆಯ ಕಾಲದ ಕಚೇರಿಯಲ್ಲಿ ಇವು ಇರಲಿಲ್ಲ. ನೆಲದ ಮೇಲೆ ಜಮಖಾನ, ಅಧಿಕಾರಿಗೆ ಒರಗಲು ಲೋಡು, ಬರೆಯುವವನ ಮುಂದೆ ಒಂದು ಗಿಡ್ಡ ಪೆಟ್ಟಿಗೆ ಅಥವಾ ಮಣೆ: ಇಷ್ಟೇ ಅಲ್ಲಿನ ಸಲಕರಣೆ. ಶ್ಯಾನುಭೋಗನು ತೊಡೆಯ ಮೇಲೆ ಕಡತವನ್ನು ಹರಡಿಕೊಂಡು ಬಳಪದಿಂದ ಲೆಕ್ಕ ಬರೆಯುತ್ತಿದ್ದನು. (ಮಸಿ ಬಳಿದು ಗಟ್ಟಿಮಾಡಿದ ಬಟ್ಟೆಯ ಆ ಮಡಿಕೆಗೆ ಇದ್ದ ಕಡತವೆಂಬ ಹೆಸರು ಇಂದು ಕಾಗದದ ಫೈಲಿಗೆ ಅಂಟಿಕೊಂಡಿದೆ, ವಸ್ತು ಹೋಗಿ ಹೆಸರು ಉಳಿಯುವುದು ಕಚೇರಿಗಳ ಸ್ವಭಾವ.) ಇಂತಹ ಸ್ಥಳದಲ್ಲಿ ಚಕ್ಕಳಮಕ್ಕಳ ಹಾಕಿ ನಾಲ್ಕೈದು ಗಂಟೆಗಳ ಕಾಲ ಕುಳಿತಿರಬೇಕಾದವನಿಗೆ ಪಂಚೆಗಿಂತ ಅನುಕೂಲವಾದ ಉಡುಪು ಬೇರೊಂದಿಲ್ಲ. ಕುಳಿತುಕೊಳ್ಳುವ ಜಮಖಾನವನ್ನು ಬೀದಿಯ ಧೂಳು ತುಂಬಿದ ಪಾದರಕ್ಷೆಯಿಂದ ತುಳಿಯುವುದು ಯಾರಿಗೂ ಒಪ್ಪಿಗೆಯಾಗುವ ಮಾತಲ್ಲ. ಆದಕಾರಣ ಕೆರವನ್ನು ಹೊಸ್ತಿಲಾಚೆ ಬಿಡುವುದು ಮೂಲತಃ ಮನೆಗೂ ಕಚೇರಿಗೂ ಸಮಾನವಾಗಿದ್ದ ಒಂದು ಶುಚಿಯ ನಿಯಮ.

ತಲೆಯ ಸಂಗತಿ ಇದಕ್ಕೆ ಬೇರೆ. ದೊಡ್ಡವರ ಸಮ್ಮುಖಕ್ಕೆ ಬರಿಯ ತಲೆಯಲ್ಲಿ ಹೋಗುವುದು ನಮ್ಮವರಲ್ಲಿ ಅವಿನಯವೆನಿಸಿತ್ತು. ರುಮಾಲು ಕಳೆದುಕೊಳ್ಳುವುದೆಂದರೆ ಮಾನ ಕಳೆದುಕೊಳ್ಳುವುದು. ಪರರ ಕಾಲ ಬಳಿ ರುಮಾಲನ್ನಿಡುವುದೆಂದರೆ ಸರ್ವಸ್ವವನ್ನೂ ಒಪ್ಪಿಸಿ ಶರಣಾಗುವುದು. ಯೂರೋಪಿನವರಲ್ಲಿ ಈ ಎರಡೂ ತಲೆಕೆಳಗು. ಅಲ್ಲಿ ಮನೆಯೊಳಗೆ ಬಂದವನು ಟೋಪಿಯನ್ನು ತೆಗೆಯಬೇಕು, ಬೂಟುಗಳನ್ನು ಹಾಕಿಕೊಂಡೇ ಇರಬೇಕು. ನಮ್ಮಲ್ಲಿ ಕಾಲು ಬರಿದು, ತಲೆ ಮುಚ್ಚಿದ್ದು. ಅವರಲ್ಲಿ ತಲೆ ಬರಿದು, ಕಾಲು ಮುಚ್ಚಿದ್ದು. ಈ ಎರಡು ಸಂಪ್ರದಾಯಗಳು ತಮ್ಮ ತಮ್ಮ ದೇಶಗಳಲ್ಲಿದ್ದಷ್ಟು ಕಾಲ ಯಾವ ತೊಡಕೂ ಇರಲಿಲ್ಲ. ಒಂದೇ ಕಚೇರಿಯ ಮಾಡಿನ ಕೆಳಗೆ ಇವೆರಡೂ ಸೇರಿದಾಗ, ಅದರಲ್ಲಿಯೂ ಒಂದು ಪಕ್ಷ ಆಳುವವರದೂ ಮತ್ತೊಂದು ಆಳಿಸಿಕೊಳ್ಳುವವರದೂ ಆದಾಗ, ಏನು ಉಡಬೇಕೆಂಬುದು ಅಧಿಕಾರದ ಪ್ರಶ್ನೆಯಾಗಿ ಪರಿಣಮಿಸಿತು.

ಈಸ್ಟ್ ಇಂಡಿಯಾ ಕಂಪನಿಯು ಮೊದಮೊದಲು ಈ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಕಂಪನಿಯ ಅನೇಕ ನೌಕರರು ನಮ್ಮ ನಿಲುವಂಗಿ ರುಮಾಲುಗಳನ್ನು ಧರಿಸುತ್ತಲೂ ಇದ್ದರು. 1830ರಲ್ಲಿ ಸಾರ್ವಜನಿಕ ಸಮಾರಂಭಗಳಲ್ಲಿ ತನ್ನ ನೌಕರರು ಭಾರತೀಯ ಉಡುಪು ಧರಿಸಕೂಡದೆಂದು ಕಂಪನಿ ನಿಷೇಧಿಸಿತು. ಆಳುವವನು ಆಳಿಸಿಕೊಳ್ಳುವವನಂತೆ ಕಾಣಬಾರದೆಂಬುದೇ ಇದರ ತಾತ್ಪರ್ಯ. ಇನ್ನು ಇಲ್ಲಿನವರ ವಿಷಯ. 1823ರಿಂದ 1828ರವರೆಗೆ ಗವರ್ನರ್ ಜನರಲ್ ಆಗಿದ್ದ ಆಮ್ಹರ್ಸ್ಟನು ತನ್ನ ಸಮ್ಮುಖಕ್ಕೆ ಬರುವ ಭಾರತೀಯರು ಪಾದರಕ್ಷೆಯನ್ನು ಕಳಚಿ ಬರಬೇಕೆಂದು ಅಪೇಕ್ಷಿಸಿದನು. ಡಾಲ್‌ಹೌಸಿಯ ಕಾಲಕ್ಕೆ ಇದು ಬಿಗಿಯಾಗಿ, ಸರ್ಕಾರದ ಯಾವ ಕಟ್ಟಡವನ್ನು ಪ್ರವೇಶಿಸುವಾಗಲೂ ಪಾಲಿಸಬೇಕಾದ ನಿಯಮವಾಯಿತು. ಯೂರೋಪಿಯನ್ ಉಡುಪನ್ನು ಧರಿಸಿದವರಿಗೆ ಮಾತ್ರ ವಿನಾಯಿತಿ. 1862ರಲ್ಲಿ ಸೂರತ್ತಿನ ಫೌಜದಾರಿ ಅದಾಲತ್ತಿನಲ್ಲಿ ಅಸೆಸರನಾಗಿದ್ದ ಮಾಣೆಕ್‌ಜಿ ಕಾವಸ್‌ಜಿ ಎಂಟಿ ಎಂಬ ಪಾರ್ಸಿ ಗೃಹಸ್ಥರು ಸೆಷನ್ಸ್ ನ್ಯಾಯಾಧೀಶರ ಮುಂದೆ ಪಾದರಕ್ಷೆ ಕಳಚಲು ಒಪ್ಪಲಿಲ್ಲ. ಹಿರಿಯರಿಗೆ ಗೌರವ ತೋರಿಸುವ ಭಾರತೀಯ ಪದ್ಧತಿಯೇ ಅದಲ್ಲವೇ ಎಂದು ನ್ಯಾಯಾಧೀಶರ ವಾದ. ಎಂಟಿಯವರು ಮಣಿಯದಿರಲು ಅವರಿಗೆ ನ್ಯಾಯಾಲಯದೊಳಗೆ ಪ್ರವೇಶ ನಿರಾಕರಿಸಲಾಯಿತು. ಅವರು ಮುಂಬಯಿಯ ಗವರ್ನರಿಗೆ ಪ್ರತಿಭಟನೆಯ ಪತ್ರ ಬರೆದರು. ಈ ಪ್ರಕರಣವು ಪಾದರಕ್ಷೆಯ ಪ್ರಶ್ನೆಯೆಂದೇ ಪ್ರಸಿದ್ಧವಾಗಿದೆ.

ವಿವಾದದಲ್ಲಿ ಭಾರತೀಯರು ಮುಂದಿಟ್ಟ ಉತ್ತರ ಬಹಳ ಸೂಕ್ಷ್ಮವಾದದ್ದು. ದೇವಾಲಯದಲ್ಲಿಯೂ ಮನೆಯಲ್ಲಿಯೂ ನಾವು ಪಾದರಕ್ಷೆ ಕಳಚುವುದು ಕೊಳೆಗಾಗಿ ಮತ್ತು ಮೈಲಿಗೆಗಾಗಿ. ನ್ಯಾಯಾಲಯವು ಮನೆಯೂ ಅಲ್ಲ, ದೇವಾಲಯವೂ ಅಲ್ಲ. ಅದು ಸಾರ್ವಜನಿಕ ಸ್ಥಳ ಎಂಬುದು ಆ ಉತ್ತರದ ಸಾರ. ಇದಕ್ಕೆ ಇನ್ನೊಂದು ಮಾತನ್ನು ನಾವು ಸೇರಿಸಬಹುದು. ಮೇಜು ಕುರ್ಚಿಗಳು ಬಂದ ಕ್ಷಣದಲ್ಲಿಯೇ ಪಾದರಕ್ಷೆ ಕಳಚಲು ಇದ್ದ ಮೂಲಕಾರಣ ಹೋಗಿತ್ತು. ಯಾರೂ ನೆಲದ ಮೇಲೆ ಕುಳಿತಿರಲಿಲ್ಲ. ಕಾರಣ ಹೋದ ಮೇಲೂ ಉಳಿದುಕೊಂಡ ಆಚಾರವು ಕೇವಲ ಅಧೀನತೆಯ ಗುರುತು. ವಿನಾಯಿತಿಯ ಸ್ವರೂಪವಂತೂ ಇದನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ವಿಲಾಯಿತಿ ಮಾದರಿಯ ಬೂಟು ಒಳಗೆ ಬರಬಹುದು, ಊರ ಮೋಚಿ ಹೊಲಿದ ಕೆರ ಬರಕೂಡದು. ಎರಡೂ ಚರ್ಮವೇ, ಎರಡಕ್ಕೂ ಅಂಟಿರುವುದು ಅದೇ ಬೀದಿಯ ಧೂಳೇ. ಇಲ್ಲಿ ವಿಂಗಡಿಸಿದ್ದು ಪಾದರಕ್ಷೆಗಳನ್ನಲ್ಲ, ಮನುಷ್ಯರನ್ನು. ಬೂಟು ಕೊಳ್ಳಬಲ್ಲ ಗುಮಾಸ್ತೆ ಒಂದು ಕಡೆ; ಹಳ್ಳಿಯಿಂದ ನಡೆದು ಬಂದು, ಕೆರವನ್ನು ಜಗಲಿಯ ಕೆಳಗೆ ಬಿಟ್ಟು, ಅರ್ಜಿಯನ್ನು ಹಿಡಿದು ನಿಂತ ರೈತ ಮತ್ತೊಂದು ಕಡೆ.

ಟೋಪಿಯ ವಿಷಯದಲ್ಲಿಯೂ ಇಂತಹುದೇ ತೊಡಕು. 1893ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕದ ಡರ್ಬನ್ನಿನ ನ್ಯಾಯಾಲಯದಲ್ಲಿ ಪೇಟ ಧರಿಸಿ ಕುಳಿತಿದ್ದಾಗ ನ್ಯಾಯಾಧೀಶನು ಅದನ್ನು ತೆಗೆಯಬೇಕೆಂದನು. ಗಾಂಧೀಜಿ ತೆಗೆಯಲೊಪ್ಪದೆ ಹೊರಗೆ ನಡೆದರು. ಪೇಟವನ್ನು ಟೋಪಿಯೆಂದೇ ಭಾವಿಸಿದವನಿಗೆ ಅದು ಮುಚ್ಚಿದ ತಲೆಯ ಅವಿನಯ. ಪೇಟವನ್ನು ಪೇಟವೆಂದು ತಿಳಿದವನಿಗೆ ಅದನ್ನು ತೆಗೆಯುವುದೇ ಅವಮಾನ.

ಈ ಹಿನ್ನೆಲೆಯಿಂದ ನೋಡಿದಾಗ ಹಳೆಯ ಮೈಸೂರಿನ ಅಧಿಕಾರಿಯ ಉಡುಪು ಒಂದು ಜಾಣ್ಮೆಯ ಒಪ್ಪಂದವೆಂದು ತಿಳಿದುಬರುತ್ತದೆ. 1831ರಿಂದ 1881ರವರೆಗಿನ 50 ವರ್ಷ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತೆಂಬುದು ಸರ್ವವಿದಿತ. ಬೆಂಗಳೂರಿನ ಕೋಟೆಯೊಳಗೆ, ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ನಡೆಯುತ್ತಿದ್ದ ಹುಜೂರು ಕಚೇರಿಗಳು ಬೌರಿಂಗನ ಕಾಲದಲ್ಲಿ, 1868ರಲ್ಲಿ, ಕೆಂಪು ಬಣ್ಣದ ಹೊಸ ಕಟ್ಟಡಕ್ಕೆ ವರ್ಗವಾದುವು. ಹದಿನೆಂಟು ಇಲಾಖೆಗಳು ನೆಲೆಸಿದ್ದರಿಂದ ಅದಕ್ಕೆ ಅಠಾರಾ ಕಚೇರಿಯೆಂದು ಹೆಸರಾಯಿತು. ಎತ್ತರವಾದ ಕಂಬಗಳು, ಉದ್ದನೆಯ ಮೊಗಸಾಲೆಗಳು, ಮೇಜು ಕುರ್ಚಿಗಳು. ಹೊಸ ಬಗೆಯ ಕಚೇರಿ ಮೈಸೂರಿಗೆ ಬಂದದ್ದು ಹೀಗೆ. ಇದೇ ವೇಳೆಗೆ ಇತ್ತ ಮೈಸೂರಿನ ಅರಮನೆಯಲ್ಲಿ ಜರಿಯಂಚಿನ ಪೇಟವು ದರ್ಬಾರು ಉಡುಪಿನ ಅಂಗವಾಗಿ ರೂಢಿಗೆ ಬಂದಿತ್ತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಅರಮನೆಗೆ ಸೇರಿದ್ದ ಈ ಪೇಟವನ್ನು ಶತಮಾನದ ಕೊನೆಯ ವೇಳೆಗೆ ಅಧಿಕಾರಿಗಳು, ಅಧ್ಯಾಪಕರು, ಕಲಾವಿದರು ಮೊದಲಾದವರೆಲ್ಲರೂ ಧರಿಸತೊಡಗಿದರು. ಸಂಸ್ಥಾನಕ್ಕೆ ಸೇರಿದವನೆಂಬ ಗುರುತು ಅದು.

ಹೀಗೆ ರೂಪುಗೊಂಡ ಉಡುಪಿನ ವಿವರವನ್ನು ಹಿರಿಯರು ಬಲ್ಲರು. ತಲೆಗೆ ಪೇಟ, ಮೈಗೆ ಕತ್ತಿನವರೆಗೆ ಗುಂಡಿಯಿರುವ ಕ್ಲೋಸ್ ಕಾಲರ್ ಕೋಟು, ಹೆಗಲ ಮೇಲೆ ಮಡಿಸಿದ ವಲ್ಲಿ, ಸೊಂಟದಿಂದ ಕೆಳಗೆ ಕಚ್ಚೆ ಹಾಕಿದ ಪಂಚೆ, ಕಾಲಿಗೆ ಬೂಟು ಅಥವಾ ಪಂಪ್ ಶೂ. ಮೇಲಿನ ದರ್ಜೆಯವರಲ್ಲಿ ಪಂಚೆಯ ಬದಲು ಷರಾಯಿ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಪೂರ್ತಿಯಾಗಿ ಪಾಶ್ಚಾತ್ಯ ರೀತಿಯ ಸೂಟನ್ನು ಧರಿಸಿಯೂ ಪೇಟವನ್ನು ಬಿಡಲಿಲ್ಲ. 1918ರಿಂದ 1921ರವರೆಗೆ ಮೈಸೂರಿನಲ್ಲಿ ಅಧ್ಯಾಪಕರಾಗಿದ್ದ ರಾಧಾಕೃಷ್ಣನ್ ಅವರು ಮುಂದೆ ರಾಷ್ಟ್ರಪತಿಗಳಾದಾಗಲೂ ರುಮಾಲು ಮತ್ತು ಉದ್ದ ಕೋಟುಗಳಲ್ಲಿಯೇ ಇದ್ದರು. ಈ ಉಡುಪಿನವನು ತಲೆಯನ್ನು ಬರಿದು ಮಾಡಬೇಕಾಗಿಲ್ಲ, ಏಕೆಂದರೆ ಅದು ಟೋಪಿಯಲ್ಲ. ಕಾಲನ್ನೂ ಬರಿದು ಮಾಡಬೇಕಾಗಿಲ್ಲ, ಏಕೆಂದರೆ ಅದು ಬೂಟು. ದೊರೆಯ ಮುಂದೆಯಾಗಲಿ ರೆಸಿಡೆಂಟನ ಮುಂದೆಯಾಗಲಿ ಅವನು ಏನನ್ನೂ ಕಳಚದೆ ನಿಲ್ಲಬಹುದು. ಸೂರತ್ತಿನಲ್ಲಿ ಪತ್ರವ್ಯವಹಾರದಿಂದ ಬಗೆಹರಿಯದ ಪ್ರಶ್ನೆಯನ್ನು ಮೈಸೂರಿನ ದರ್ಜಿಗಳೂ ಪೇಟ ಕಟ್ಟುವವರೂ ಸದ್ದಿಲ್ಲದೆ ಬಗೆಹರಿಸಿದರೆಂದು ಹೇಳಿದರೆ ತಪ್ಪಾಗಲಾರದು.

ಕೋಟು ಇಷ್ಟು ಬೇಗ ಹರಡಿದುದಕ್ಕೆ ಮರ್ಯಾದೆಯೊಂದೇ ಕಾರಣವೆಂದು ತಿಳಿಯಬಾರದು. ಅದಕ್ಕೆ ಜೇಬುಗಳಿದ್ದುವು. ಉತ್ತರೀಯಕ್ಕೆ ಜೇಬಿಲ್ಲ, ಪಂಚೆಯ ಸೊಂಟದ ಮಡಿಕೆಯಲ್ಲಿ ನಾಲ್ಕು ಕಾಸು, ಎಲೆಅಡಕೆಯ ಚೀಲ ಇವಿಷ್ಟಕ್ಕೆ ಮಾತ್ರ ಅವಕಾಶ. ಹೊಸ ಕಚೇರಿಯ ನೌಕರನಿಗಾದರೋ ಗಡಿಯಾರ, ಕನ್ನಡಕ, ಲೇಖನಿ, ಬೀಗದ ಕೈ ಎಲ್ಲವೂ ಬೇಕು. ಸೂರ್ಯನನ್ನು ನೋಡಿ ಹೊರಡುತ್ತಿದ್ದವನು ಗಂಟೆಯನ್ನು ನೋಡಿ ಹೊರಡಬೇಕಾದಾಗ ಗಂಟೆಯನ್ನು ಇಟ್ಟುಕೊಳ್ಳಲು ಒಂದು ಸ್ಥಳ ಬೇಕಾಯಿತು. ಇದಲ್ಲದೆ ಕೋಟು ಒಳಗಿನ ಹರಿದ ಅಂಗಿಯನ್ನು ಮುಚ್ಚುತ್ತಿತ್ತು. ಅಲ್ಪಸಂಬಳದ ಗುಮಾಸ್ತೆಗೆ ಇದು ಸಣ್ಣ ಉಪಕಾರವಲ್ಲ. ಕಚೇರಿಯಿಂದ ಬಂದೊಡನೆ ಕೋಟನ್ನು ಗೂಟಕ್ಕೆ ಸಿಕ್ಕಿಸಿ, ಪೇಟವನ್ನು ಗೂಡಿನಲ್ಲಿಟ್ಟು, ಕೈಕಾಲು ತೊಳೆದುಕೊಂಡರೆ ಅದೇ ಪಂಚೆಯವನು ಮನೆಯ ಯಜಮಾನ. ಮಡಿವಂತರ ಮನೆಗಳಲ್ಲಿ ಪಂಚೆಯೂ ಬದಲಾಗುತ್ತಿತ್ತು. ಹೊಲಿದ ಬಟ್ಟೆಗೂ ಹೊಲಿಯದ ಬಟ್ಟೆಗೂ ಇದ್ದ ಭೇದ ಹೀಗೆ ಒಂದೇ ಶರೀರವನ್ನು ಎರಡಾಗಿ ವಿಭಾಗಿಸಿತ್ತು: ಸೊಂಟದಿಂದ ಮೇಲೆ ಸರ್ಕಾರ, ಸೊಂಟದಿಂದ ಕೆಳಗೆ ಮನೆ.

ಈ ಮಾತಿಗೆ ನಮಗಿರುವ ಮುಖ್ಯ ಆಧಾರವೆಂದರೆ ಹಳೆಯ ಕಚೇರಿಗಳ ಮತ್ತು ಕಾಲೇಜುಗಳ ಗೋಡೆಗಳ ಮೇಲೆ ಇಂದಿಗೂ ತೂಗುತ್ತಿರುವ ಸಮೂಹಚಿತ್ರಗಳು. ವಿದ್ಯಾರ್ಥಿಗಳು ಇವನ್ನು ಆಧಾರವಾಗಿ ಬಳಸುವಾಗ ಎಚ್ಚರದಿಂದಿರಬೇಕು. ಛಾಯಾಚಿತ್ರವು ಜನರು ಪ್ರತಿನಿತ್ಯ ಏನು ಉಡುತ್ತಿದ್ದರೆಂಬುದನ್ನು ತೋರಿಸುವುದಿಲ್ಲ. ಛಾಯಾಚಿತ್ರಕ್ಕಾಗಿ ಏನು ಉಟ್ಟರೆಂಬುದನ್ನು ತೋರಿಸುತ್ತದೆ. ಅಧಿಕಾರಿಯ ವರ್ಗಾವಣೆಯೋ ನಿವೃತ್ತಿಯೋ ಆದ ದಿನ ತೆಗೆಸಿದ ಚಿತ್ರದಲ್ಲಿ ಎಲ್ಲರ ತಲೆಯ ಮೇಲೂ ಪೇಟವಿದ್ದರೆ ಆಶ್ಚರ್ಯವೇನು? ಆದರೂ ಅಲ್ಲಿ ಕಲಿಯಬೇಕಾದದ್ದು ಬಹಳವಿದೆ. ಕುರ್ಚಿಯಲ್ಲಿ ಕುಳಿತವರ ಕಾಲುಗಳನ್ನೂ ಹಿಂದೆ ನಿಂತವರ ಅಥವಾ ಮುಂದೆ ನೆಲದ ಮೇಲೆ ಕುಳಿತವರ ಕಾಲುಗಳನ್ನೂ ಹೋಲಿಸಿ ನೋಡಬೇಕು. ಮುಖಗಳಿಗಿಂತ ಹೆಚ್ಚಾಗಿ ಪಾದಗಳೇ ದರ್ಜೆಯನ್ನು ಹೇಳುತ್ತವೆ. ಜವಾನನು ಅಂಚಿನಲ್ಲಿ ನಿಂತಿದ್ದರೆ ಎದೆಯ ಮೇಲೆ ಅಡ್ಡಲಾಗಿ ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ. ಕಾಲು ಬಹುಮಟ್ಟಿಗೆ ಬರಿದು.

ಪೇಟವು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಅದು ಕೂದಲನ್ನು ಮುಚ್ಚುತ್ತಿತ್ತು. ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಟ್ಟ ವೈದಿಕ ಮನೆತನದವನೂ, ಕ್ರಾಪು ಕತ್ತರಿಸಿಕೊಂಡ ಕಾಲೇಜಿನ ತರುಣನೂ ಪೇಟದ ಕೆಳಗೆ ಸಮಾನರು. ಕ್ರಾಪು ಬಿಟ್ಟ ಮಗನನ್ನು ತಂದೆ ಮನೆಯಲ್ಲಿ ಬೈಯುತ್ತಿದ್ದ ಕಾಲದಲ್ಲಿ ಕಚೇರಿ ಆ ಜಗಳದಿಂದ ಹೊರಗಿತ್ತು. ಹಣೆಯ ಮೇಲಿನ ನಾಮ, ವಿಭೂತಿ, ಅಕ್ಷತೆಗಳು ಕಾಣುತ್ತಲೇ ಇದ್ದುವು, ನಿಜ. ಆದರೆ ಪೇಟವು ಯಾವ ಒಂದು ಜಾತಿಯ ರುಮಾಲೂ ಅಲ್ಲದ್ದು, ಸಂಸ್ಥಾನದ ರುಮಾಲಾದದ್ದು, ಮುಂದೆ ಪ್ರಯೋಜನಕ್ಕೆ ಬಂತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಹೆಚ್ಚಿನ ಪಾಲು ದೊರೆಯಬೇಕೆಂದು 1919ರಲ್ಲಿ ಶಿಫಾರಸು ಮಾಡಿತು. ಅದರ ಫಲವಾಗಿ ಕಚೇರಿಗೆ ಮೊತ್ತಮೊದಲು ಕಾಲಿಟ್ಟ ಮನೆತನಗಳ ಯುವಕರು ಯಾರದೋ ಉಡುಪನ್ನು ಎರವಲು ತಂದಂತೆ ಕಾಣಬೇಕಾಗಲಿಲ್ಲ; ಸಂಸ್ಥಾನದ ಪೇಟವನ್ನು ಸಂಸ್ಥಾನದ ಪ್ರಜೆಯೆಂಬ ಹಕ್ಕಿನಿಂದ ಧರಿಸಿದರು.

ಹಳ್ಳಿಗಳಲ್ಲಿ ಇದ್ದ ಮತ್ತೊಂದು ಮರ್ಯಾದೆಯನ್ನು ಇಲ್ಲಿ ನೆನೆಯಬೇಕು. ಊರ ಗೌಡನೋ ಪಟೇಲನೋ ಎದುರಾದಾಗ ಕೆಳಗಿನವರೆನಿಸಿದವರು ಹೆಗಲ ವಲ್ಲಿಯನ್ನು ತೆಗೆದು ಸೊಂಟಕ್ಕೆ ಸುತ್ತಿಕೊಳ್ಳಬೇಕು ಅಥವಾ ಕಂಕುಳಲ್ಲಿ ಅವುಚಿಕೊಳ್ಳಬೇಕು. ಕೋಟಿನಲ್ಲಿ ಈ ವಂದನೆಗೆ ಎಡೆಯಿಲ್ಲ. ಕೋಟು ತೊಟ್ಟವನು ಕೈ ಮುಗಿಯಬಹುದು, ಬಟ್ಟೆ ಬಿಚ್ಚಲಾರ. ಅಸ್ಪೃಶ್ಯರೆನಿಸಿಕೊಂಡ ಜನಸಮುದಾಯದಿಂದ ವಿದ್ಯಾವಂತರಾದವರು ಹೊಲಿದ ಉಡುಪನ್ನು ಅಷ್ಟು ಬಲವಾಗಿ ಹಿಡಿದದ್ದು ಅನುಕರಣದ ಮೋಹದಿಂದಲ್ಲ, ಅದರಲ್ಲಿ ಬಿಡುಗಡೆಯಿತ್ತು. ಉಡುಪಿನ ಶಕ್ತಿಗೆ ಇದ್ದ ಎಲ್ಲೆಯೂ ಅಷ್ಟೇ ನಿಷ್ಠುರವಾದದ್ದು. ಮೈಸೂರಿನಂತೆಯೇ ಪ್ರಗತಿಪರವೆಂದು ಹೆಸರಾಗಿದ್ದ ಬರೋಡ ಸಂಸ್ಥಾನದಲ್ಲಿ ಡಾ. ಅಂಬೇಡ್ಕರ್ ಅವರು 1917ರಲ್ಲಿ ಅಧಿಕಾರಿಯಾಗಿ ಸೇರಿದರು. ಅಮೆರಿಕೆಯ ಮತ್ತು ಲಂಡನ್ನಿನ ಉನ್ನತ ವ್ಯಾಸಂಗ ಅವರ ಹಿಂದಿತ್ತು. ಆದರೂ ಕಚೇರಿಯ ಜವಾನರು ಕಡತಗಳನ್ನು ಮೈಲಿಗೆಯ ಭಯದಿಂದ ದೂರದಿಂದಲೇ ಅವರ ಮೇಜಿನ ಮೇಲೆ ಎಸೆಯುತ್ತಿದ್ದರೆಂದು ಅವರ ಜೀವನಚರಿತ್ರೆ ತಿಳಿಸುತ್ತದೆ. ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ಅಂಗಿಯನ್ನು ತ್ಯಜಿಸಿದುದನ್ನು ನಾವೆಲ್ಲರೂ ಬೋಧಿಸುತ್ತೇವೆ. ಅಂಬೇಡ್ಕರ್ ಅವರು ಜೀವಮಾನವಿಡೀ ಸೂಟನ್ನು ಬಿಡದಿದ್ದುದನ್ನೂ ಅದರ ಪಕ್ಕದಲ್ಲಿಯೇ ಬೋಧಿಸುವುದು ಉಚಿತ. ಬಿಡುವುದಕ್ಕೆ ಮೊದಲು ಇರಬೇಕಷ್ಟೆ.

ಮೈಸೂರಿನ ಹೊರಗಿದ್ದ ಕನ್ನಡ ಸೀಮೆಗಳಲ್ಲಿ ಕಚೇರಿಯ ಉಡುಪು ಆಯಾ ಆಡಳಿತವನ್ನನುಸರಿಸಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಗಳಲ್ಲಿ ಪಟಗ ಅಥವಾ ಕರಿಯ ಟೊಪ್ಪಿಗೆ, ಉದ್ದ ಕೋಟು, ದೋತರ. ನಿಜಾಮರ ಆಡಳಿತದ ಕಲಬುರ್ಗಿ, ರಾಯಚೂರುಗಳಲ್ಲಿ ಶೇರ್ವಾನಿ, ಅದರೊಡನೆ ರೂಮಿ ಟೋಪಿ; ದರ್ಬಾರಿಗೆ ದಸ್ತಾರ್ ಮತ್ತು ಬಗಲೂಸ್ ಎಂಬ ಸೊಂಟಪಟ್ಟಿ. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಮುಂಡಾಸು, ಕೋಟು. 1956ರ ನವೆಂಬರ್ 1ರಂದು ಐದು ಆಡಳಿತಗಳ ಕನ್ನಡಿಗರು ಒಂದಾದಾಗ, ಅದೇ ವರ್ಷ ಮುಗಿದಿದ್ದ ವಿಧಾನಸೌಧದ ಮೊಗಸಾಲೆಗಳಲ್ಲಿ ಸಂಧಿಸಿದ್ದು ಕೇವಲ ಐದು ಬಗೆಯ ಸೇವಾನಿಯಮಗಳಲ್ಲ. ಐದು ಬಗೆಯ ಬಟ್ಟೆಯ ನೆನಪುಗಳು.

ಅಷ್ಟು ಹೊತ್ತಿಗಾಗಲೇ ಪೇಟ ಹಿಂದೆ ಸರಿಯತೊಡಗಿತ್ತು. 1927ರಲ್ಲಿ ಗಾಂಧೀಜಿ ನಂದಿಬೆಟ್ಟ ಬೆಂಗಳೂರುಗಳಲ್ಲಿ ವಿಶ್ರಾಂತಿಗೆಂದು ತಂಗಿ ಸಂಸ್ಥಾನದಲ್ಲಿ ಸಂಚರಿಸಿದ ಮೇಲೆ ಖಾದಿಗೆ ಹೊಸ ಗೌರವ ಬಂದಿತು. ಖಾದಿಯ ಕೋಟು ಸರ್ಕಾರಿ ನೌಕರನಿಗೆ ಅಪಾಯವಲ್ಲ: ಬಟ್ಟೆ ಬೇರೆ, ಆಕಾರ ಅದೇ. ಬಿಳಿಯ ಗಾಂಧೀಟೋಪಿ ಹಾಗಲ್ಲ. ಅದು ಪೇಟದ ಸ್ಥಾನವನ್ನೇ ಆಕ್ರಮಿಸುತ್ತದೆ. ಒಂದು ತಲೆಯ ಮೇಲೆ ಎರಡನ್ನೂ ಇಡುವಂತಿಲ್ಲ. 1938ರ ಶಿವಪುರದ ಧ್ವಜಸತ್ಯಾಗ್ರಹದಿಂದ 1947ರ ಮೈಸೂರು ಚಲೋ ಚಳವಳಿಯವರೆಗೆ ಬೀದಿಯಲ್ಲಿ ಟೋಪಿ, ಕಚೇರಿಯಲ್ಲಿ ಪೇಟ ಎದುರುಬದುರಾಗಿ ನಿಂತುವು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಅಧಿಕಾರ ವಹಿಸಿಕೊಂಡಿತು. ಸಂಸ್ಥಾನಕ್ಕೆ ಸೇರಿದವನೆಂಬ ಗುರುತಿಗೆ ಸಂಸ್ಥಾನವೇ ಇಲ್ಲದಂತಾದಾಗ ಕಚೇರಿಯಲ್ಲಿ ಪೇಟಕ್ಕೆ ಕೆಲಸವಿಲ್ಲದೆ ಹೋಯಿತು. ಬೆಳಗ್ಗೆ ಅದನ್ನು ಮಡಿಕೆ ಮಡಿಕೆಯಾಗಿ ಸುತ್ತುವ ಶ್ರಮ ತಪ್ಪಿತೆಂದು ಅನೇಕರು ಸಂತೋಷಪಟ್ಟಿರಲೂ ಸಾಕು. ಇಂದು ಅದು ಸಿದ್ಧವಾಗಿ ಕಟ್ಟಿಟ್ಟ ರೂಪದಲ್ಲಿ ಅಂಗಡಿಯಲ್ಲಿ ದೊರೆಯುತ್ತದೆ. ಸನ್ಮಾನಿತರ ತಲೆಯ ಮೇಲೆ ಕೆಲವು ನಿಮಿಷವಿದ್ದು ಮನೆಯ ಷೋಕೇಸು ಸೇರುತ್ತದೆ. ದೊಡ್ಡ ಹೋಟೆಲುಗಳ ಬಾಗಿಲು ಕಾಯುವವರಿಗೆ ಮಾತ್ರ ಅದು ಈಗಲೂ ದಿನನಿತ್ಯದ ಉಡುಪು. ಮೇಲಿನವರು ಬಿಟ್ಟ ವೇಷವನ್ನು ಕೆಳಗಿನವರ ಸಮವಸ್ತ್ರವಾಗಿ ಉಳಿಸುವುದು ಅನೇಕ ದೇಶಗಳಲ್ಲಿ ಕಂಡುಬಂದಿರುವ ಸಂಗತಿ.

ಮುಂದಿನದನ್ನು ಸಂಗ್ರಹವಾಗಿ ಹೇಳಬಹುದು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬೆಂಗಳೂರಿಗೆ ಬಂದುವು. ಯಂತ್ರದ ಬಳಿ ನಿಲ್ಲುವವನಿಗೆ ಕಚ್ಚೆಪಂಚೆ ಅಪಾಯಕರ. ಷರಾಯಿಯು ದೊರೆತನದ ಚಿಹ್ನೆಯಾಗಿದ್ದುದು ಹೋಗಿ ದುಡಿಮೆಯ ಉಡುಪಾಯಿತು. ಬುಷ್ ಷರಟು ಕೋಟನ್ನು ಓಡಿಸಿತು. ಇಸ್ತ್ರಿ ಬೇಡದ ಟೆರಿಲಿನ್ ಬಟ್ಟೆ ಗುಮಾಸ್ತೆಯ ಅಗಸನ ಖರ್ಚನ್ನು ಉಳಿಸಿತು, ಬೇಸಗೆಯಲ್ಲಿ ಅವನನ್ನು ಬೇಯಿಸಿತು. ಆಮೇಲೆ ಸಫಾರಿ ಸೂಟಿನ ಕಾಲ. ಗಣಕ ಉದ್ಯಮದೊಡನೆ ಕೊರಳಪಟ್ಟಿ ಮರಳಿ ಬಂದು, ಮತ್ತೆ ಸಡಿಲವಾಯಿತು. ಇನ್ಫೋಸಿಸ್ ಸಂಸ್ಥೆಯು 2015ರಲ್ಲಿ ತನ್ನ ಉಡುಪಿನ ನಿಯಮವನ್ನು ವಾರದ ಎಲ್ಲ ದಿನಗಳಿಗೂ ಸಡಿಲಿಸಿತು. 2020ರ ಮಹಾಮಾರಿಯ ಕಾಲದಲ್ಲಿ ಮನೆಯಲ್ಲಿಯೇ ಕುಳಿತು ತೆರೆಯ ಮೇಲೆ ಸಭೆ ನಡ­ೆಸಿದವರು ಮೇಲೆ ಇಸ್ತ್ರಿಯ ಷರಟು, ಕೆಳಗೆ ಲುಂಗಿ ಪಂಚೆ ಧರಿಸಿದ್ದುದು ವಿನೋದದ ವಿಷಯವಾಗಿತ್ತು. ಹಳೆಯ ಹುಜೂರು ಕಚೇರಿಯ ಗುಮಾಸ್ತೆ ಅದನ್ನು ಕಂಡಿದ್ದರೆ ನಗುತ್ತಿರಲಿಲ್ಲ.

ಇದುವರೆಗಿನ ಮಾತೆಲ್ಲ ಪುರುಷರದು. ಹಳೆಯ ಮೈಸೂರಿನ ಕಚೇರಿಯ ಉಡುಪು ರೂಪುಗೊಂಡಾಗ ಅಲ್ಲಿ ಸ್ತ್ರೀಯರಿರಲಿಲ್ಲ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾಯಿತು. ಅಲ್ಲಿಂದ ಮುಂದೆ ಉಪಾಧ್ಯಾಯಿನಿಯರು, ದಾದಿಯರು, ವೈದ್ಯೆಯರು, ಬಹಳ ತಡವಾಗಿ ಟೈಪಿಸ್ಟರು, ಅಧಿಕಾರಿಗಳು ಬಂದರು. ಅವರಿಗೆ ಅನುಸರಿಸಲು ಪೇಟವೂ ಇಲ್ಲ, ಕೋಟೂ ಇಲ್ಲ. ಮನೆ, ಮದುವೆ, ದೇವಸ್ಥಾನ, ಕಚೇರಿ ಎಲ್ಲಕ್ಕೂ ಸೀರೆಯೊಂದೇ. ಆ ಸೀರೆಯಾದರೂ ಹಳೆಯ ಕಚ್ಚೆಯ ಸೀರೆಯಲ್ಲ. ಒಳಲಂಗ ರವಿಕೆಗಳ ಮೇಲೆ ನಿರಿ ಹಿಡಿದು ಉಡುವ ಹೊಸ ರೀತಿ. ಬಂಗಾಳದ ಜ್ಞಾನದಾನಂದಿನೀ ದೇವಿಯವರಂತಹ ಗೃಹಿಣಿಯರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಮನೆಯಿಂದ ಹೊರಗೆ ಕಾಲಿಡುವುದಕ್ಕಾಗಿಯೇ ಇಂತಹ ರೀತಿಯನ್ನು ರೂಢಿಸಿದ್ದರು. ಪುರುಷನು ಕೋಟನ್ನು ಗೂಟಕ್ಕೆ ಹಾಕಿ ಕಚೇರಿಯಿಂದ ಹೊರಬರುತ್ತಿದ್ದನು. ಸ್ತ್ರೀಗೆ ಕಳಚಿಡಲು ಅಂತಹ ಪದರವೇ ಇರಲಿಲ್ಲ. ಆದುದರಿಂದ ಭೇದವನ್ನು ಸಣ್ಣ ಸಣ್ಣ ಗುರುತುಗಳಿಂದ ಮಾಡಬೇಕಾಯಿತು: ಗಂಜಿ ಹಾಕಿದ ನೂಲಿನ ಸೀರೆ, ಹೆಗಲಿಗೆ ಚುಚ್ಚಿದ ಪಿನ್ನು, ಕೈಗಡಿಯಾರ, ಕೈಚೀಲ. ಉಡುಪನ್ನು ಕುರಿತು ಪುರುಷರಿಗೆ ಆದೇಶ ಬರುತ್ತಿತ್ತು. ಸ್ತ್ರೀಯರಿಗೆ ಟೀಕೆ ಬರುತ್ತಿತ್ತು. ಟೀಕೆಗೆ ಉತ್ತರ ಬರೆಯಲು ಸೂರತ್ತಿನ ಎಂಟಿಯವರಿಗಿದ್ದಂತೆ ಯಾವ ಗವರ್ನರನೂ ಇಲ್ಲ. ಕಾಲೇಜುಗಳಲ್ಲಿ ಉಪನ್ಯಾಸಕಿಯರು ಸೀರೆಯನ್ನೇ ಉಡಬೇಕೆಂಬ ಒತ್ತಾಯ ಎಷ್ಟು ದೀರ್ಘಕಾಲ ಬಾಳಿತೆಂದರೆ, ಹಾಗೆ ಒತ್ತಾಯಿಸಕೂಡದೆಂದು ಕೇರಳ ಸರ್ಕಾರವು 2021ರಲ್ಲಿ ಆದೇಶ ಹೊರಡಿಸಬೇಕಾಯಿತು.

ಸರ್ಕಾರಗಳು ತಮ್ಮ ನೌಕರರ ಉಡುಪನ್ನು ನಿಯಮಿಸುವುದು ಈಗಲೂ ನಿಂತಿಲ್ಲ. 2019ರಲ್ಲಿ ತಮಿಳುನಾಡು ತನ್ನ ಸಚಿವಾಲಯದ ನೌಕರರಿಗೆ ಸೀರೆ, ಸಲ್ವಾರ್, ಷರಟು ಷರಾಯಿ, ಪಂಚೆಗಳನ್ನು ವಿಧಿಸಿತು. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಜೀನ್ಸ್, ಟೀ ಷರಟುಗಳು ಬೇಡವೆಂದೂ ಶುಕ್ರವಾರ ಖಾದಿ ಧರಿಸಬೇಕೆಂದೂ ಹೇಳಿತು. ಇಂತಹ ಆದೇಶಗಳನ್ನು ಓದುವಾಗ ಗಮನಿಸಬೇಕಾದ ಅಂಶವೊಂದುಂಟು. ಇವೆಲ್ಲ ಮೇಜಿನ ಒಳಬದಿಯವರನ್ನು ಕುರಿತವು. ಹೊರಬದಿಯಲ್ಲಿ ನಿಂತವನಿಗೆ ಬರೆದ ನಿಯಮವಿಲ್ಲ. ಬಾಗಿಲಲ್ಲಿರುವವನ ನೋಟವೇ ನಿಯಮ. 2014ರ ಜುಲೈನಲ್ಲಿ ಪಂಚೆ ಉಟ್ಟು ಬಂದರೆಂಬ ಕಾರಣದಿಂದ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರಿಗೇ ಚೆನ್ನೈಯ ಕ್ಲಬ್ಬೊಂದು ಪ್ರವೇಶ ನಿರಾಕರಿಸಿತು. ಅದೇ ವರ್ಷ ತಮಿಳುನಾಡಿನ ಶಾಸನಸಭೆ ಇದರ ವಿರುದ್ಧ ಕಾನೂನನ್ನೇ ಮಾಡಿತು. ನ್ಯಾಯಮೂರ್ತಿಗೆ ಆದದ್ದು ಸುದ್ದಿಯಾಗುತ್ತದೆ, ಕಾನೂನಾಗುತ್ತದೆ. 2024ರಲ್ಲಿ ಬೆಂಗಳೂರಿನಲ್ಲಿಯೇ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು, ಮಗನ ಜೊತೆ ಸಿನಿಮಾ ನೋಡಲು ಬಂದಾಗ, ಪಂಚೆಯ ಕಾರಣದಿಂದ ಮಾರಾಟಮಳಿಗೆಯೊಂದರ ಬಾಗಿಲಲ್ಲಿ ತಡೆದರು. ದೃಶ್ಯದ ಚಿತ್ರೀಕರಣ ಹರಡಿದುದರಿಂದ ವಿಷಯ ವಿಧಾನಮಂಡಲಕ್ಕೆ ಬಂದು, ಮಳಿಗೆಯನ್ನು ಏಳು ದಿನ ಮುಚ್ಚಿಸಲಾಯಿತು. ಚಿತ್ರೀಕರಣವಾಗದೆ ಹಿಂದಿರುಗಿದವರ ಸಂಖ್ಯೆ ಯಾವ ಕಡತದಲ್ಲಿಯೂ ಇರುವುದಿಲ್ಲ.

ನಮ್ಮ ಉಚ್ಚ ನ್ಯಾಯಾಲಯವು ಇಂದಿಗೂ ಆ ಅಠಾರಾ ಕಚೇರಿಯ ಕೆಂಪು ಕಟ್ಟಡದಲ್ಲಿಯೇ ನಡೆಯುತ್ತಿದೆ. ಅಲ್ಲಿ ವಾದಿಸತಕ್ಕ ವಕೀಲರ ಉಡುಪನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ವಿಧಿಸುತ್ತವೆ. ಪುರುಷರ ಮೇಲುಡುಪಿನ ಪಟ್ಟಿಯಲ್ಲಿ ಗುಂಡಿ ಹಾಕಿದ ಕರಿಯ ಕೋಟು, ಚಪ್ಕನ್, ಅಚ್ಕನ್, ಕರಿಯ ಶೇರ್ವಾನಿ ಎಂದು ಮೊಗಲರ ಕಾಲದ ಹೆಸರುಗಳು ಸಾಲಾಗಿ ನಿಂತಿವೆ. ಕೆಳಗಿನ ಉಡುಪಾಗಿ ಷರಾಯಿ ಅಥವಾ ಧೋತಿ ಆಗಬಹುದು, ಜೀನ್ಸ್ ಮಾತ್ರ ಕೂಡದು ಎಂದಿದೆ. ಎಂದರೆ ಕ್ಲೋಸ್ ಕಾಲರ್ ಕೋಟು, ಅದರ ಕೆಳಗೆ ಕಚ್ಚೆಪಂಚೆ ಧರಿಸಿ ಹಳೆಯ ಹುಜೂರಿನ ಶಿರಸ್ತೆದಾರನಂತೆಯೇ ಇಂದಿನ ವಕೀಲರೊಬ್ಬರು ಅದೇ ಮೊಗಸಾಲೆಯಲ್ಲಿ ನಡೆದುಹೋಗಲು ನಿಯಮದ ಅಡ್ಡಿಯಿಲ್ಲ. ಹಾಗೆ ಉಟ್ಟು ಬರುವವರನ್ನು ಕಾಣುವುದು ಮಾತ್ರ ಅಪರೂಪ.